ಬಿದ್ದಾಗ ಹಿಂದೆ ಬರುವ ಗಾಡಿ

ನಮ್ಮ ಕಾಲದ ಹುಡುಗರಿಗೆ ‘ಜಾಕಿ’ ಅಂದರೆ ಎರಡೇ ಅರ್ಥ. ಒಂದು, 2010ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಸಿನಿಮಾ. ಇನ್ನೊಂದು, ಬನಿಯನ್ ಅಂಗಡಿಯಲ್ಲಿ ಕೇಳುವ ಹೆಸರು. ಕುದುರೆ ಮೇಲೆ ಕೂತು ರೇಸ್ ಓಡಿಸುವವನನ್ನೂ ಜಾಕಿ ಅಂತಾರೆ ಅನ್ನೋದು ನನ್ನ ತಲೆಗೆ ಹೊಕ್ಕಿದ್ದು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ರೇಸ್‌ಕೋರ್ಸ್ ಪಕ್ಕದಲ್ಲಿ ಬಸ್ಸಿನಲ್ಲಿ ನಿಂತು ಓಡಾಡುವಾಗಲೇ.

ನಮ್ಮೂರು ಶಿರಾಳಕೊಪ್ಪ. ತಾಲೂಕು ಶಿಕಾರಿಪುರ, ಆದರೆ ಸ್ವಲ್ಪ ದೂರ ಹೋದರೆ ಸೊರಬ ತಾಲೂಕು ಶುರು. ಒಂದು ಕಡೆ ಬಳ್ಳಿಗಾವಿ, ಇನ್ನೊಂದು ಕಡೆ ತಾಳಗುಂದ. ನಾನು ಚಿಕ್ಕವನಿದ್ದಾಗ ನೋಡಿದ ಕುದುರೆ ಅಂದರೆ ವೀರಗಲ್ಲಿನ ಮೇಲಿನ ಕುದುರೆ ಮಾತ್ರ. ನಮ್ಮ ಕಡೆ ಊರೂರಲ್ಲೂ ಅಂಥ ಕಲ್ಲುಗಳಿವೆ. ದನ ಕಾಯೋಕೆ ಹೋಗಿ ಸತ್ತವನ ನೆನಪಿಗೆ ಊರವರು ನಿಲ್ಲಿಸಿದ ಕಲ್ಲುಗಳು. ಈಗ ಅವುಗಳಿಗೆ ಒರಗಿ ಬೈಕ್ ನಿಲ್ಲಿಸ್ತಾರೆ.

ನಮ್ಮದು ಕುದುರೆಯ ಸೀಮೆ ಅಲ್ಲ, ಹೋರಿಯ ಸೀಮೆ.

ದೀಪಾವಳಿ ಮುಗಿಯುತ್ತಿದ್ದ ಹಾಗೆ ಶಿಕಾರಿಪುರ, ಸೊರಬ, ಹಾನಗಲ್, ಹಾವೇರಿ ಕಡೆ ಹೋರಿ ಹಬ್ಬ ಶುರುವಾಗುತ್ತೆ. ವರ್ಷವಿಡೀ ಹುರುಳಿ, ಹಿಂಡಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜಿಸಿ ಸಾಕಿದ ಹೋರಿಗೆ ಅವತ್ತು ಮೈತುಂಬ ಜೂಲ, ಕೊಂಬಿಗೆ ಬಲೂನು, ಕೊರಳಿಗೆ ಒಣಕೊಬ್ಬರಿ ಸರ. ಎರಡೂ ಕಡೆ ಜನ ಕಿಕ್ಕಿರಿದ ಓಣಿಯಂಥ ಅಖಾಡದಲ್ಲಿ ಅದನ್ನು ಬಿಡುತ್ತಾರೆ. ಕೊಬ್ಬರಿ ಹರಿಯೋಕೆ ಎದುರು ನಿಂತ ಹುಡುಗರಿಗೆ ‘ಪೈಲ್ವಾನರು’ ಅಂತ ಹೆಸರು. ಯಾರ ಕೈಗೂ ಸಿಗದೆ ಪಾರಾದರೆ ಹೋರಿ ಗೆದ್ದ ಹಾಗೆ, ಕೊಬ್ಬರಿ ಕೈಗೆ ಬಂದರೆ ಪೈಲ್ವಾನ ಗೆದ್ದ ಹಾಗೆ. ಹೋರಿಗಳಿಗೆ ಸಿನಿಮಾ ಹೀರೊಗಳ ಹಾಗೆ ಬಿರುದು, ಫ್ಲೆಕ್ಸು, ಅಭಿಮಾನಿ ಬಳಗ, ಇನ್‌ಸ್ಟಾಗ್ರಾಂ ಪೇಜು ಎಲ್ಲ ಇರುತ್ತೆ. ಪೈಲ್ವಾನನಿಗೆ ಒಂದು ದಿನದ ಶಿಳ್ಳೆ.

ನನ್ನ ತಮ್ಮ ಅಂಥ ಒಬ್ಬ ಪೈಲ್ವಾನ. ನನಗಿಂತ ಐದು ವರ್ಷ ಚಿಕ್ಕವನು. ಪಿಯುಸಿ ಆದ ಮೇಲೆ ಓದೋದು ಬಿಟ್ಟ. ಬೋರ್‌ವೆಲ್ ಮೋಟರ್ ರಿಪೇರಿ ಮಾಡ್ತಾನೆ, ಮನೆಯ ಮೆಕ್ಕೆಜೋಳ, ಶುಂಠಿ ನೋಡ್ಕೋತಾನೆ. ನವೆಂಬರ್ ಬಂತು ಅಂದರೆ ಮೋಟರೂ ಇಲ್ಲ, ಜೋಳವೂ ಇಲ್ಲ. ಅವನನ್ನು ಅಖಾಡದಲ್ಲಿ ನೋಡಬೇಕು ನೀವು. ಹೋರಿ ಮೇಲೆ ಬೀಳುತ್ತೆ ಅನ್ನುವಾಗ ಒಂದೇ ಹೆಜ್ಜೆ ಪಕ್ಕಕ್ಕೆ, ಆಮೇಲೆ ಅದರ ಜೊತೆಗೇ ಇಪ್ಪತ್ತು ಮೂವತ್ತು ಮೀಟರ್ ಓಟ, ಕೈ ಕೊರಳ ಹತ್ತಿರ. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಬ್ಬರಿ ಸರ ಅವನ ಕೈಯಲ್ಲಿ.

ನಾನು ಅವನ ದೊಡ್ಡ ಅಭಿಮಾನಿ. ಹಾಗೆಯೇ ಇದರಿಂದ ಅವನು ಯಾವಾಗ ಹೊರಗೆ ಬರ್ತಾನೆ ಅಂತ ಕಾಯ್ತಿದ್ದವನೂ ನಾನೇ.

2020ರ ಫೆಬ್ರುವರಿ ನಿಮಗೆ ನೆನಪಿರಬಹುದು. ಕೊರೊನಾ ಇನ್ನೂ ಟಿವಿಯಲ್ಲಿ ಬೇರೆ ದೇಶದ ಸುದ್ದಿ. ಆಗ ಎಲ್ಲರ ವಾಟ್ಸ್ಆ್ಯಪ್‌ನಲ್ಲೂ ಒಂದೇ ಫೋಟೊ: ಕೆಸರು ನೀರು ಚಿಮ್ಮಿಸುತ್ತಾ ಜೋಡಿ ಕೋಣಗಳ ಹಿಂದೆ ಓಡುತ್ತಿರುವ ಒಬ್ಬ ಗಟ್ಟಿಮುಟ್ಟಾದ ಯುವಕ. ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡ, 28 ವರ್ಷ. ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ‘ಕರೆ’ ಅಂದರೆ ಕಂಬಳದ ಕೆಸರು ಟ್ರ್ಯಾಕು. ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಅಂತ ಲೆಕ್ಕ ತೆಗೆದರು. ಉಸೇನ್ ಬೋಲ್ಟ್ ವಿಶ್ವದಾಖಲೆ 9.58. ಅಷ್ಟೇ, ದೇಶ ಹುಚ್ಚೆದ್ದು ಹೋಯಿತು. ಇಂಗ್ಲಿಷ್ ಪತ್ರಿಕೆಗಳು ಅವರನ್ನು ‘ಕಂಬಳ ಜಾಕಿ’ ಎಂದು ಕರೆದವು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು, ಭಾರತೀಯ ಕ್ರೀಡಾ ಪ್ರಾಧಿಕಾರದ ಕೋಚ್‌ಗಳ ಮುಂದೆ ಟ್ರಯಲ್‌ಗೆ ಕರೆಸುತ್ತೇವೆ ಎಂದು ಟ್ವೀಟ್ ಮಾಡಿದರು. ಮುಖ್ಯಮಂತ್ರಿಯಾಗಿದ್ದ ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ಬೆಂಗಳೂರಿಗೆ ಕರೆಸಿ ಸನ್ಮಾನ ಮಾಡಿ 3 ಲಕ್ಷ ರೂಪಾಯಿಯ ಚೆಕ್ ಕೊಟ್ಟರು.

ಗೌಡರು ಚೆಕ್ ತಗೊಂಡರು, ಟ್ರಯಲ್ ಬೇಡ ಅಂದರು.

ಕಾಲಿಗೆ ಪೆಟ್ಟಾಗಿದೆ, ಕಂಬಳದ ಸೀಸನ್ ಇನ್ನೂ ಮುಗಿದಿಲ್ಲ ಅಂದರು. ಕಂಬಳದಲ್ಲಿ ಹಿಮ್ಮಡಿ ಊರಿ ಓಡ್ತೀವಿ, ಟ್ರ್ಯಾಕಿನಲ್ಲಿ ಮುಂಗಾಲಿನಲ್ಲಿ ಓಡಬೇಕು, ಎರಡೂ ಬೇರೆ ಬೇರೆ ಅಂತ ವಿವರಿಸಿದರು. ವೇಗದಲ್ಲಿ ಕೋಣಗಳ ಪಾಲೂ ಇದೆ ಅಂದರು. ನನ್ನ ಆಫೀಸಿನಲ್ಲಿ ಕ್ಯಾಂಟೀನ್ ತುಂಬ ಅದೇ ಚರ್ಚೆ. “ಎಂಥಾ ಚಾನ್ಸ್ ಬಿಟ್ಟುಬಿಟ್ಟ ನೋಡು” ಅಂತ ಎಲ್ಲರೂ ತಲೆ ಚಚ್ಚಿಕೊಂಡರು. ನಾನೂ ಚಚ್ಚಿಕೊಂಡೆ.

ಚಚ್ಚಿಕೊಂಡವನು ಸುಮ್ಮನಿರಲಿಲ್ಲ. ಅದೇ ವಾರ ಊರಿಗೆ ಫೋನ್ ಮಾಡಿ ತಮ್ಮನಿಗೆ ಹೇಳಿದೆ: “ನೋಡಪ್ಪಾ, ಅವರು ಬಿಟ್ಟ ಹಂಗೆ ನೀನು ಬಿಡಬ್ಯಾಡ. ಇಷ್ಟು ಸ್ಪೀಡ್ ಇದೆ ನಿನಗೆ. ಪೊಲೀಸ್ ಕಾನ್‌ಸ್ಟೇಬಲ್‌ಗೆ ಹಾಕು. ಫಿಸಿಕಲ್ ನಿನಗೆ ನೀರು ಕುಡಿದಂಗೆ.”

“ಆಯ್ತು ಬಿಡಣ್ಣಾ” ಅಂದ. ಅವನು ‘ಆಯ್ತು ಬಿಡಣ್ಣಾ’ ಅಂದರೆ ‘ಆಗಲ್ಲ’ ಅಂತ ಅರ್ಥ. ನಾನು ಬಿಡಲಿಲ್ಲ. ಯುಗಾದಿಗೆ ಹೋಗಿ ಮಾಡಿಸ್ತೀನಿ ಅಂದುಕೊಂಡೆ. ಅಷ್ಟರಲ್ಲಿ ಲಾಕ್‌ಡೌನ್. ನಾನೇ ಲ್ಯಾಪ್‌ಟಾಪ್ ಹೊತ್ತುಕೊಂಡು ಶಿರಾಳಕೊಪ್ಪಕ್ಕೆ ಬಂದೆ. ಎರಡು ವರ್ಷ ಅಲ್ಲೇ ಉಳಿದೆ.

ಒಂದು ಬೆಳಗ್ಗೆ ಅವನನ್ನು ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಹೋದೆ. ಕಾನ್‌ಸ್ಟೇಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ನಾಲ್ಕು ಸುತ್ತು ಅಂತ ಗುರುತು ಮಾಡಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಮೊದಲ ಸುತ್ತು ಚಿರತೆ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಪಕ್ಕೆ ಹಿಡಿದುಕೊಂಡ. ನಾಲ್ಕನೆಯದು ಮುಗಿಸುವಷ್ಟರಲ್ಲಿ 7 ನಿಮಿಷ 10 ಸೆಕೆಂಡ್.

ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ಏದುಸಿರು ಬಿಡುತ್ತಾ ಅವನು ಕೇಳಿದ್ದು ಇಷ್ಟೇ: “ಅಣ್ಣಾ, ಎದುರಿಗೆ ಏನೂ ಬರ್ತಾ ಇಲ್ಲ. ನಾನು ಯಾತಕ್ಕೆ ಓಡ್ಬೇಕು?”

ನನಗೆ ನಗು ಬಂತು, ಸಿಟ್ಟೂ ಬಂತು. ಆ ಪ್ರಶ್ನೆಯಲ್ಲಿ ಏನಿತ್ತು ಅಂತ ಅವತ್ತು ತಿಳಿಯಲಿಲ್ಲ.

ಎಂಜಿನಿಯರ್ ಬುದ್ಧಿ, ಸುಮ್ಮನಿರಲ್ಲ. ಆ ರಾತ್ರಿ ಕೂತು ಗೌಡರ 9.55ರ ಲೆಕ್ಕವನ್ನು ಮತ್ತೆ ಮಾಡಿದೆ. ಭಾಗಾಕಾರ ಸರಿಯೇ ಇದೆ. ಆದರೆ ಹೋಲಿಕೆ ಸರಿ ಇಲ್ಲ. ನಿಂತಲ್ಲಿಂದ ಹೊರಡುವ ಓಟಗಾರನಿಗೆ ಮೊದಲ ಕೆಲವು ಹೆಜ್ಜೆ ಯಾವಾಗಲೂ ನಿಧಾನ. ದೂರ ಸ್ವಲ್ಪ ಹೆಚ್ಚಾದರೆ ಆ ನಿಧಾನ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನ ರಸ್ತೆಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಅದನ್ನು ಇದೇ ಥರ ಭಾಗಿಸಿದರೆ 100 ಮೀಟರಿಗೆ 9.57 ಬರುತ್ತೆ. ಆ ಓಟದ ಕೊನೆಯ 100 ಮೀಟರಿಗೆ ಅವನು ತೆಗೆದುಕೊಂಡಿದ್ದು 8.70 ಸೆಕೆಂಡ್. ಇತ್ತ ಗೌಡರ ಕಾಲ ಕೆಳಗೆ ಕೆಸರು, ಕೈಯಲ್ಲಿ ಹಗ್ಗ, ಮುಂದೆ ಎರಡು ಕೋಣಗಳ ಎಳೆತ. ಎರಡೂ ದೊಡ್ಡ ಓಟಗಳೇ. ಆದರೆ ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯೋಕೆ ಆಗಲ್ಲ.

ಗೌಡರಿಗಿಂತ ಆರು ತಿಂಗಳ ಹಿಂದೆ, ಮಧ್ಯಪ್ರದೇಶದ ರಾಮೇಶ್ವರ ಗುರ್ಜರ್ ಅನ್ನುವ ಯುವಕ ಬರಿಗಾಲಲ್ಲಿ 11 ಸೆಕೆಂಡಿಗೆ 100 ಮೀಟರ್ ಓಡಿದ ವಿಡಿಯೊ ಹರಿದಾಡಿತ್ತು. ಅವನನ್ನು ಭೋಪಾಲಕ್ಕೆ ಕರೆಸಿ, ಬೂಟು ಹಾಕಿಸಿ, ಕ್ಯಾಮೆರಾಗಳ ಮುಂದೆ ಓಡಿಸಿದರು. ಕೊನೆಯವನಾಗಿ ಬಂದ. ಅಲ್ಲಿಗೆ ಅವನ ಕಥೆ ಮುಗಿಯಿತು. ಗೌಡರು ಚಾನ್ಸ್ ಬಿಟ್ಟರು ಅಂದುಕೊಂಡಿದ್ದೆ. ತನ್ನ ಕರೆ ಯಾವುದು ಅಂತ ಗೊತ್ತಿದ್ದವರು ಬೇರೆಯವರ ಟ್ರ್ಯಾಕಿಗೆ ಹೋಗಿ ನಿಲ್ಲಲಿಲ್ಲ, ಅಷ್ಟೇ. ಸೀಸನ್ ಇಲ್ಲದಾಗ ಕಟ್ಟಡ ಕೆಲಸ ಮಾಡುತ್ತಿದ್ದ ಮನುಷ್ಯನಿಗೆ ತನ್ನ ಕರಿಯರ್ ಬಗ್ಗೆ ಇದ್ದ ಸ್ಪಷ್ಟತೆ, ಮೂರು ಕಂಪನಿ ಬದಲಾಯಿಸಿದ ನನಗೆ ಇರಲಿಲ್ಲ.

ಪೊಲೀಸ್ ಮಾತು ಬಿಟ್ಟೆ. ಆದರೆ ಅವನ ಆಟದ ಬಗ್ಗೆ ನಾನು ಸರಿಯಾಗಿ ಯೋಚನೆ ಮಾಡೋಕೆ ಶುರು ಮಾಡಿದ್ದು ಇನ್ನೊಂದು ವರ್ಷದ ನಂತರ, ಒಬ್ಬ ಐರಿಷ್ ಹುಡುಗಿಯಿಂದ.

2021ರ ಏಪ್ರಿಲ್. ನಮ್ಮ ಟೀಮಿನ ಅರ್ಧ ಜನ ಡಬ್ಲಿನ್‌ನಲ್ಲಿದ್ದರು. ಸೋಮವಾರದ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಯಾರಿಗೂ ಟಿಕೆಟ್ ಬಗ್ಗೆ ಮಾತಾಡೋ ಮನಸ್ಸಿಲ್ಲ. ಯಾವಾಗಲೂ ಮುಖ ಗಂಟು ಹಾಕಿಕೊಂಡಿರುವ ಸೀನಿಯರ್ ಒಬ್ಬ ಅವತ್ತು ಮಗುವಿನ ಹಾಗೆ ನಗುತ್ತಿದ್ದ. ಶನಿವಾರ, ಏಪ್ರಿಲ್ 10ರಂದು, ಅವರ ದೇಶದ ರೇಚಲ್ ಬ್ಲ್ಯಾಕ್‌ಮೋರ್ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಗೆದ್ದಿದ್ದಳಂತೆ. ಆ ರೇಸ್ ಗೆದ್ದ ಮೊದಲ ಮಹಿಳಾ ಜಾಕಿ. “ನೀನು ಇವತ್ತೇ ನೋಡಬೇಕು” ಅಂತ ಲಿಂಕ್ ಕಳಿಸಿದ.

ರಾತ್ರಿ ಊಟ ಆದ ಮೇಲೆ ಟಿವಿಗೆ ಮೊಬೈಲ್ ಹಾಕಿ ನಾವು ಮೂವರೂ ನೋಡಿದೆವು. ನಾನು, ತಮ್ಮ, ಅವ್ವ. ಸುಮಾರು 7 ಕಿಲೋಮೀಟರ್ ಓಟ, ದಾರಿಯಲ್ಲಿ 30 ಬೇಲಿ ಹಾರಬೇಕು, 40 ಕುದುರೆ. ಕೊರೊನಾ ಕಾರಣಕ್ಕೆ ಸ್ಟ್ಯಾಂಡಿನಲ್ಲಿ ಪ್ರೇಕ್ಷಕರೇ ಇಲ್ಲ. ಹಸಿರು ಚಿನ್ನದ ಬಣ್ಣದ ಅಂಗಿ ಹಾಕಿದ ಹುಡುಗಿ ಮಿನೆಲ್ಲಾ ಟೈಮ್ಸ್ ಅನ್ನುವ ಕುದುರೆಯ ಮೇಲೆ ಬೇಲಿ ಮೇಲೆ ಬೇಲಿ ಹಾರಿಸಿಕೊಂಡು ಬರ್ತಾಳೆ. ಪ್ರತಿ ಬೇಲಿಗೂ ಯಾರೋ ಒಬ್ಬರು ಬೀಳ್ತಾರೆ. ಅವ್ವ ಪ್ರತಿ ಸಲವೂ “ಅಯ್ಯಯ್ಯೋ” ಅಂದಳು.

ತಮ್ಮ ಮಾತಾಡಲಿಲ್ಲ. ಮುಂದೆ ಬಗ್ಗಿ ನೋಡ್ತಿದ್ದ. ಮುಗಿದ ಮೇಲೆ ಮತ್ತೊಮ್ಮೆ ಹಾಕಿಸಿದ. ಎರಡನೇ ಸಲ ಹೇಳಿದ: “ಆಕಿ ಕುದುರೇನ ಓಡಿಸ್ತಾ ಇಲ್ಲಣ್ಣಾ. ಅದರ ದಾರಿಗೆ ಅಡ್ಡ ಬರ್ತಾ ಇಲ್ಲ, ಅಷ್ಟೇ.” ಕುದುರೆ ಬಗ್ಗೆ ಏನೂ ಗೊತ್ತಿಲ್ಲದವನ ಬಾಯಿಂದ ಬಂದ ಮಾತು. ಮಾರನೇ ದಿನ ಅದನ್ನೇ ಆ ಸೀನಿಯರ್‌ಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ತಮ್ಮ ಏನು ಕೆಲಸ ಮಾಡ್ತಾನೆ?” ಅಂತ ಕೇಳಿದ. ಬೋರ್‌ವೆಲ್ ಮೋಟರ್ ರಿಪೇರಿ ಅಂದೆ. ಪೈಲ್ವಾನ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಅವಳ ಬಗ್ಗೆ ಓದಿದೆ. ಟಿಪರೆರಿ ಜಿಲ್ಲೆಯ ಹಳ್ಳಿ ಕಡೆಯವಳು. ಅಪ್ಪ ರೈತ, ಅಮ್ಮ ಟೀಚರ್. ಯೂನಿವರ್ಸಿಟಿಯಲ್ಲಿ ಓದುತ್ತಲೇ ಹವ್ಯಾಸಿಯಾಗಿ ರೇಸ್ ಓಡಿದವಳು. 2015ರಲ್ಲಿ ವೃತ್ತಿಗೆ ಇಳಿದಾಗ ಅವಳಿಗೆ 25. ಆ ಕೆಲಸಕ್ಕೆ ಅದು ತಡವೇ. ಎರಡೇ ವರ್ಷದಲ್ಲಿ, ಕಲಿಯುವ ಜಾಕಿಗಳ ಐರಿಷ್ ಚಾಂಪಿಯನ್ ಆದಳು. ಅದನ್ನು ಗೆದ್ದ ಮೊದಲ ಹುಡುಗಿ. 2021ರ ಮಾರ್ಚ್‌ನ ಚೆಲ್ಟನ್‌ಹ್ಯಾಮ್ ರೇಸ್ ಹಬ್ಬದಲ್ಲಿ ಆರು ಗೆಲುವು, ಮರು ತಿಂಗಳು ಗ್ರ್ಯಾಂಡ್ ನ್ಯಾಷನಲ್. 2022ರಲ್ಲಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್. ಇಷ್ಟು ಗೆಲುವಿನ ನಡುವೆಯೇ 2021ರ ಜುಲೈನಲ್ಲಿ ಬಿದ್ದು ಹಿಮ್ಮಡಿ ಗಂಟು, ಸೊಂಟ ಎರಡೂ ಮುರಿದುಕೊಂಡಿದ್ದಳು.

ತಮ್ಮನಿಗೂ ಅವಳೆಂದರೆ ಅಭಿಮಾನ. ‘ನಮ್ಮ ಬ್ಲ್ಯಾಕ್‌ಮೋರ್’ ಅಂತಿದ್ದ. ಹೋರಿ ಹಬ್ಬ ಮತ್ತೆ ಜೋರಾಗಿ ಶುರುವಾಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಡುವ ರಾಜ್ಯಗಳ ಕಾನೂನನ್ನು ಎತ್ತಿಹಿಡಿದಾಗ ನಮ್ಮ ಕಡೆಯೂ ಪಟಾಕಿ ಹೊಡೆದರು. ನಾನು ಬೆಂಗಳೂರಿಗೆ ಮರಳಿದ್ದೆ. ಭಾನುವಾರ ಅವನು ಕಳಿಸುವ ವಿಡಿಯೊಗೆ ಹಾರ್ಟ್ ಒತ್ತಿ, ಸೋಮವಾರ ಕೆಲಸಕ್ಕೆ ಹೋಗ್ತಿದ್ದೆ.

2024ರ ನವೆಂಬರಿನ ಒಂದು ಭಾನುವಾರ ವಿಡಿಯೊ ಬರಲಿಲ್ಲ. ಫೋನ್ ಬಂತು. ಅವನ ಗೆಳೆಯನದು. “ಅಣ್ಣಾ, ಗಾಬರಿ ಆಗಬ್ಯಾಡ್ರಿ…”

ಹೀಗೆ ಶುರುವಾಗುವ ಫೋನು ಬಂದರೆ ಕೈಕಾಲು ತಣ್ಣಗಾಗುತ್ತೆ. ಪಕ್ಕದ ಊರಿನ ಅಖಾಡ. ತಮ್ಮ ಎದುರಿನ ಹೋರಿಯಿಂದ ತಪ್ಪಿಸಿಕೊಂಡಿದ್ದ. ಆದರೆ ಅದರ ಹಿಂದೆಯೇ ಇನ್ನೊಂದನ್ನು ಬಿಟ್ಟಿದ್ದರು. ಅದು ಪಕ್ಕದಿಂದ ಬಂತು. ಕಾಲರ್‌ಬೋನ್ ಮುರಿತ, ಎರಡು ಪಕ್ಕೆಲುಬು ಮುರಿತ. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಹೋರಿ ತರೋಕೆ ಬಂದಿದ್ದ ಟಾಟಾ ಏಸ್ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ಶಿರಾಳಕೊಪ್ಪಕ್ಕೆ ತಂದರು. ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗ. ಪ್ರತಿ ಹಂಪಿಗೂ ಕೂಗಿಕೊಂಡನಂತೆ. ಆಮೇಲೆ ಕೂಗಲಿಲ್ಲವಂತೆ. ಅದೇ ಹೆಚ್ಚು ಭಯ ಆಯ್ತು ಅಂತ ಗೆಳೆಯ ಹೇಳಿದ.

ನಾನು ರಾತ್ರಿ ಬಸ್ ಹತ್ತಿ ಬೆಳಗ್ಗೆ ಶಿವಮೊಗ್ಗದ ಆಸ್ಪತ್ರೆಗೆ ಬಂದೆ. ಅವ್ವ ಬೆಂಚಿನ ಮೇಲೆ ಕೂತಿದ್ದಳು. ನನ್ನ ನೋಡಿ ಅಳಲಿಲ್ಲ, ಬೈದಳು. “ನೀನೇ ಅಲ್ಲೇನೋ ಅವನಿಗೆ ಕುದುರೆ ಓಟ ತೋರ್ಸಿದ್ದು?”

ನನ್ನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪ, ಅವ್ವ ಬರ್ತಾರೆ. ತಮ್ಮ ಬರಲ್ಲ. ಬಿಲ್ 1 ಲಕ್ಷ 80 ಸಾವಿರ. ಹಬ್ಬದ ಕಮಿಟಿಯವರು ನೋಡೋಕೆ ಬಂದರು, ಹಣ್ಣು ತಂದರು, ಹತ್ತು ಸಾವಿರ ಕೊಟ್ಟರು. ಅವರೂ ರೈತರೇ, ಅವರನ್ನು ಬೈಯೋದಕ್ಕೂ ಮನಸ್ಸು ಬರಲಿಲ್ಲ.

ಆಸ್ಪತ್ರೆಯಲ್ಲಿ ನಿದ್ದೆ ಬರದ ರಾತ್ರಿಗಳಲ್ಲಿ ಮೊಬೈಲ್ ಹಿಡಿದು ಕೂತೆ. ಬ್ಲ್ಯಾಕ್‌ಮೋರ್ ಕೂಡ ಆಗ ಮನೆಯಲ್ಲಿದ್ದಳು. ಸೆಪ್ಟೆಂಬರಿನಲ್ಲಿ ಬಿದ್ದು ಕತ್ತಿಗೆ ಪೆಟ್ಟು ಮಾಡಿಕೊಂಡಿದ್ದಳು. ಕಾಲರ್‌ಬೋನ್ ಮುರಿತವಂತೂ ಜಾಕಿಗಳಿಗೆ ನಮಗೆ ನೆಗಡಿ ಬಂದ ಹಾಗೆ. ಉತ್ತರ ಐರ್ಲೆಂಡಿನ ಎ.ಪಿ. ಮೆಕಾಯ್ ಅನ್ನುವ ಜಾಕಿ 20 ವರ್ಷ ಸತತವಾಗಿ ಬ್ರಿಟನ್ನಿನ ಬೇಲಿ ಓಟದ ಚಾಂಪಿಯನ್. 4,300ಕ್ಕೂ ಹೆಚ್ಚು ಗೆಲುವು. ಅವನ ದೇಹದಲ್ಲಿ ಮುರಿಯದ ಮೂಳೆ ಹುಡುಕೋದೇ ಕಷ್ಟ.

ಓದುತ್ತಾ ಒಂದು ವಿಷಯಕ್ಕೆ ಕಣ್ಣು ನಿಂತಿತು. ಅಲ್ಲಿನ ಬೇಲಿ ಓಟಗಳಲ್ಲಿ ಕುದುರೆಗಳ ಹಿಂದೆ, ಟ್ರ್ಯಾಕಿನ ಪಕ್ಕದ ದಾರಿಯಲ್ಲಿ, ಆಂಬುಲೆನ್ಸ್ ಓಡುತ್ತೆ. ಯಾರಾದರೂ ಬಿದ್ದ ಮೇಲೆ ಫೋನ್ ಮಾಡಿ ಕರೆಸೋದಲ್ಲ. ಬೀಳ್ತಾರೆ ಅಂತ ಗೊತ್ತಿದ್ದೇ, ಮೊದಲಿನಿಂದಲೂ ಜೊತೆಗೆ ಓಡೋದು. ಬಿದ್ದವರನ್ನು ಡಾಕ್ಟರ್ ನೋಡಿ ಒಪ್ಪದೆ ಮತ್ತೆ ಕುದುರೆ ಹತ್ತುವ ಹಾಗಿಲ್ಲ. ನಾನು ಆ ಗ್ರ್ಯಾಂಡ್ ನ್ಯಾಷನಲ್ ವಿಡಿಯೊ ಎಷ್ಟು ಸಲ ನೋಡಿದ್ದೆನೋ! ಕುದುರೆ ನೋಡಿದ್ದೆ, ಹುಡುಗಿಯನ್ನು ನೋಡಿದ್ದೆ. ಹಿಂದೆ ಬರುವ ಗಾಡಿಯನ್ನು ನೋಡೇ ಇರಲಿಲ್ಲ.

ನನ್ನ ಕೆಲಸದಲ್ಲಿ ಎರಡು ಸಾಲು ಕೋಡ್ ಬದಲಾಯಿಸಿ ಲೈವ್ ಬಿಡಬೇಕಾದರೂ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ, “ರೋಲ್‌ಬ್ಯಾಕ್ ಪ್ಲಾನ್ ಏನು?” ಎಡವಟ್ಟಾದರೆ ವಾಪಸ್ ಬರೋದು ಹೇಗೆ ಅಂತ. ತಮ್ಮ ಹತ್ತು ವರ್ಷದಿಂದ ಅಖಾಡಕ್ಕೆ ಇಳೀತಿದ್ದ. ಅವ್ವ ಹೋಗಬ್ಯಾಡ ಅಂದಳು. ನಾನು ಬೇರೆ ಕಡೆ ಓಡು ಅಂದೆ. ಬಿದ್ದರೆ ಏನು ಮಾಡ್ತೀರಿ ಅಂತ ಮಾತ್ರ ಯಾರೂ ಕೇಳಲಿಲ್ಲ. ಒಬ್ಬರು ಅದನ್ನು ಹುಚ್ಚು ಅಂದುಕೊಂಡಿದ್ದೆವು, ಇನ್ನೊಬ್ಬರು ಟ್ಯಾಲೆಂಟ್ ಅಂದುಕೊಂಡಿದ್ದೆವು. ಅದೊಂದು ಕೆಲಸ, ಅದಕ್ಕೂ ತಯಾರಿ, ಕಾವಲು, ಕೊನೆ ಅಂತ ಇರುತ್ತೆ ಅಂತ ಹೊಳೆದೇ ಇರಲಿಲ್ಲ.

ಹೋರಿಯ ಮಾತೂ ಹೇಳಬೇಕು. ಪೈಲ್ವಾನ ತಾನೇ ಬಂದು ನಿಲ್ತಾನೆ. ಹೋರಿ ಕೇಳಿಕೊಂಡು ಬಂದಿರಲ್ಲ. ಪಟಾಕಿ ಸದ್ದಿಗೆ ಬೆದರಿ ಜನರ ಮೇಲೆ ಬಿದ್ದ ಹೋರಿ, ಕಾಲು ಮುರಿದುಕೊಂಡ ಹೋರಿ, ಎರಡನ್ನೂ ನಾನು ನೋಡಿದ್ದೀನಿ. ನಿಯಮ ಬೇಕು ಅಂದರೆ ಅದು ಇಬ್ಬರಿಗೂ ಬೇಕು.

ತಮ್ಮ ಮೂರು ತಿಂಗಳು ಮನೆಯಲ್ಲಿದ್ದ. ಡಿಸೆಂಬರಿನಲ್ಲಿ ಬ್ಲ್ಯಾಕ್‌ಮೋರ್ ಮತ್ತೆ ಕುದುರೆ ಹತ್ತಿದಳು. ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಮತ್ತೆ ಗೆದ್ದಳು. ತಮ್ಮ ಅದನ್ನು ಹಾಸಿಗೆಯಲ್ಲಿ ಒರಗಿಕೊಂಡು ನೋಡಿ, “ನೋಡಿದ್ಯಾ? ಬಂದ್ಳು” ಅಂತ ನನಗೆ ವಾಯ್ಸ್ ಮೆಸೇಜ್ ಕಳಿಸಿದ. ನನ್ನ ಎದೆ ಧಸಕ್ ಅಂತು. ಇವನೂ ಬರ್ತಾನೆ ಅಂತ ಅರ್ಥ ಅದು.

ಮೇ 12ರಂದು ಸುದ್ದಿ ಬಂತು. ರೇಚಲ್ ಬ್ಲ್ಯಾಕ್‌ಮೋರ್ ನಿವೃತ್ತಿ. 35 ವರ್ಷ. ಅದಕ್ಕೂ ಸ್ವಲ್ಪ ಮೊದಲು ಕಾರ್ಕ್‌ನಲ್ಲಿ ಓಡಿದ ಕೊನೆಯ ರೇಸನ್ನೂ ಗೆದ್ದಿದ್ದಳು. ಅದು ಕೊನೆಯದು ಅಂತ ನೋಡಿದವರಿಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ತಮ್ಮನೇ ಫೋನ್ ಮಾಡಿದ.

“ಅಣ್ಣಾ, ಆಕಿ ಬಿಟ್ಲಂತೆ.”

“ಹೂಂ. ನೋಡ್ದೆ.”

“ಬಿದ್ದಿದ್ದಕ್ಕೆ ಬಿಟ್ಲಾ?”

“ಇಲ್ಲ ಕಣಪ್ಪಾ. ಬಿದ್ದ ಮೇಲೆ ಎದ್ದು, ಗೆದ್ದು, ಆಮೇಲೆ ಬಿಟ್ಲು.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಹೊರಗೆ ಮಳೆಯ ಸದ್ದು ಕೇಳ್ತಿತ್ತು. “ಹಂಗಾದ್ರೆ ಸರಿ” ಅಂದು ಫೋನ್ ಇಟ್ಟ. ಏನು ಸರಿ ಅಂತ ನಾನು ಕೇಳಲಿಲ್ಲ. ಮೊದಲಿನ ನಾನಾಗಿದ್ದರೆ ಅದೇ ಉಸಿರಲ್ಲಿ “ನೀನೂ ಬಿಟ್ಟುಬಿಡು” ಅಂತಿದ್ದೆ. ಮೈದಾನದಲ್ಲಿ ಅವನು ಕೇಳಿದ ಪ್ರಶ್ನೆ ನೆನಪಾಯಿತು. ಯಾತಕ್ಕೆ ಓಡ್ಬೇಕು ಅಂತ ನಾನು ಹೇಳಿಕೊಡೋಕೆ ಆಗದಿದ್ದ ಮೇಲೆ, ಯಾವಾಗ ನಿಲ್ಲಬೇಕು ಅಂತಲೂ ನಾನು ಹೇಳೋಕೆ ಬರಲ್ಲ.

ನಾನು ಮಾಡಬಹುದಾಗಿದ್ದು ಬೇರೆ ಇತ್ತು. ಊರಿನಿಂದ ಹೊರಗೆ ಕೆಲಸದಲ್ಲಿರುವ ನಮ್ಮ ಬ್ಯಾಚಿನ ಹನ್ನೊಂದು ಜನರ ಒಂದು ಗ್ರೂಪ್ ಇದೆ. ಬರ್ತ್‌ಡೇ ವಿಶ್, ಮೀಮ್ ಬಿಟ್ಟರೆ ಅಲ್ಲಿ ಏನೂ ನಡೆಯಲ್ಲ. ಅಲ್ಲಿ ಬರೆದೆ: ಹೋರಿಗೆ ಫ್ಲೆಕ್ಸ್ ಹಾಕಿಸೋಕೆ ಪ್ರತಿ ವರ್ಷ ದುಡ್ಡು ಕೊಡ್ತೀವಲ್ಲ, ಈ ವರ್ಷ ಅದನ್ನು ಆಂಬುಲೆನ್ಸಿಗೆ ಕೊಡೋಣ. ಇಬ್ಬರು ಬೈದರು, ‘ಹಬ್ಬಕ್ಕೆ ಅಪಶಕುನ’ ಅಂತ. ಒಂಬತ್ತು ಜನ ಕಳಿಸಿದರು. ಕಮಿಟಿಯವರ ಹತ್ತಿರ ಮಾತಾಡೋ ಕೆಲಸ ತಮ್ಮ ವಹಿಸಿಕೊಂಡ. ಒಂದು ಹೋರಿ ಅಖಾಡ ದಾಟಿದ ಮೇಲೆಯೇ ಇನ್ನೊಂದು ಬಿಡಬೇಕು, ಎರಡೂ ಬದಿ ಗಟ್ಟಿ ಬೇಲಿ, ಮಕ್ಕಳು ಒಳಗೆ ಬರಬಾರದು, ಪಟಾಕಿ ಬೇಡ, ಒಬ್ಬ ಡಾಕ್ಟರ್, ಒಬ್ಬ ದನದ ಡಾಕ್ಟರ್, ಒಂದು ಆಂಬುಲೆನ್ಸ್. ಪಟಾಕಿ ಬೇಡ ಅನ್ನೋದು ಒಂದನ್ನು ಬಿಟ್ಟು ಎಲ್ಲಕ್ಕೂ ಒಪ್ಪಿದರಂತೆ.

ಹೋದ ದೀಪಾವಳಿ ಆದ ಮೇಲೆ ನಡೆದ ನಮ್ಮ ಕಡೆಯ ಹಬ್ಬಕ್ಕೆ ನಾನೂ ರಜೆ ಹಾಕಿ ಹೋದೆ. ಬೆಳಗ್ಗೆ ಹತ್ತಕ್ಕೆ ಹೋರಿ ಬಿಡಬೇಕಿತ್ತು. ಸುತ್ತಲ ಊರಿನ ಜನ ಮನೆ ಮಾಳಿಗೆ ಮೇಲೆ, ಟ್ರ್ಯಾಕ್ಟರ್ ಮೇಲೆ, ಮರದ ಮೇಲೆ. ಮೊದಲ ಹೋರಿ ಸಿಂಗಾರ ಮಾಡಿಕೊಂಡು ನಿಂತು ಗೊರಸು ಕೆರೆಯುತ್ತಿತ್ತು. ಹತ್ತೂಕಾಲಾಯ್ತು. ಹತ್ತೂವರೆ ಆಯ್ತು. ಆಂಬುಲೆನ್ಸ್ ಬಂದಿರಲಿಲ್ಲ. ದಾರಿಯಲ್ಲಿದೆ ಅಂತ ಡ್ರೈವರ್ ಹೇಳ್ತಿದ್ದ. ಜನ ಶಿಳ್ಳೆ ಹೊಡೆಯೋದು ಬಿಟ್ಟು ಬೈಯೋಕೆ ಶುರು ಮಾಡಿದರು. ಕಮಿಟಿಯ ಹಿರಿಯರೊಬ್ಬರು, “ಬಿಡ್ರೋ, ಏನಾಗಲ್ಲ, ಆಮ್ಯಾಲ ಬರ್ತದೆ” ಅಂದರು.

ತಮ್ಮ ಅಖಾಡದ ಬಾಗಿಲಿನ ಗಳುವಿನ ಹತ್ತಿರ ನಿಂತಿದ್ದ. ಎಡ ಹೆಗಲು ಇನ್ನೂ ಸ್ವಲ್ಪ ಇಳಿಬಿದ್ದ ಹಾಗೆ ಕಾಣುತ್ತೆ. ಗಳುವಿನ ಮೇಲೆ ಕೈ ಇಟ್ಟುಕೊಂಡು ಹೇಳಿದ: “ಇಲ್ಲ ಕಾಕಾ. ಗಾಡಿ ಬರ್ಲಿ.”

ಅಷ್ಟೇ ಹೇಳಿದ್ದು. ಆ ಹಿರಿಯರು ಅವನ ಮುಖ ನೋಡಿದರು, ಹೆಗಲು ನೋಡಿದರು, ಸುಮ್ಮನಾದರು. ಇವನು ಹಿಂದೆ ಎಷ್ಟು ಕೊಬ್ಬರಿ ಹರಿದಿದ್ದಾನೆ ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇರೆ ಯಾರಾದರೂ ಅದೇ ಮಾತು ಹೇಳಿದ್ದರೆ ಹೆದರುಪುಕ್ಕಲ ಅಂತಿದ್ದರು.

ಹತ್ತು ಐವತ್ತಕ್ಕೆ ಬಿಳಿ ಗಾಡಿ ಧೂಳೆಬ್ಬಿಸಿಕೊಂಡು ಬಂತು. ಯಾರೋ ಅದಕ್ಕೂ ಶಿಳ್ಳೆ ಹೊಡೆದರು. ತಮ್ಮ ಗಳು ತೆಗೆದ.

ಅವತ್ತು ಸಂಜೆಯವರೆಗೂ ಅವನು ಬಾಗಿಲಲ್ಲೇ ಇದ್ದ, ಒಳಗೆ ಇಳಿಯಲಿಲ್ಲ. ಮೂವರಿಗೆ ತರಚು ಗಾಯ, ಒಬ್ಬನಿಗೆ ಕಣಕಾಲು ಉಳುಕು. ಆಂಬುಲೆನ್ಸ್ ಡ್ರೈವರ್ ಸುಮ್ಮನೆ ಕೂತು ಕೂತು ಮಂಡಕ್ಕಿ ತಿಂದ. ವಾಪಸ್ ಬರುವಾಗ ಬೈಕಿನ ಹಿಂದೆ ಕೂತಿದ್ದ ನಾನು ಕೇಳಿದೆ, “ಹಂಗಾದ್ರೆ ಬಿಟ್ಟಂಗಾ?”

“ಬಿಟ್ಟೆ ಅಂತ ಎಲ್ಲಿ ಅಂದೆ? ಈ ವರ್ಷ ನಿಂತಿಲ್ಲ ಅಷ್ಟೇ” ಅಂದ. ಬೈಕಿನ ಸ್ಪೀಡ್ ಸ್ವಲ್ಪ ಕಡಿಮೆ ಮಾಡಿದ. ಮುಂದೆ ರಸ್ತೆಯ ಹಂಪು ಇತ್ತು.